ಒಡೆದ ಅಕ್ಷರ, ತುಂಡಾದ ಒತ್ತು: ಎನ್‌ಕೋಡಿಂಗ್ ಮತ್ತು ಫಾಂಟ್ ಅಳತೆ ಪರೀಕ್ಷಿಸುವ ಕ್ರಮ

ಪರದೆಯ ಮೇಲೆ ಕನ್ನಡ ಕೆಟ್ಟು ಕಂಡರೆ ಮೊದಲ ಗುಮಾನಿ ಬೀಳುವುದು ಫಾಂಟ್ ಮೇಲೆ. ಒಂದು ಫಾಂಟ್ ತೆಗೆದು ಇನ್ನೊಂದು ಹಾಕಿ ನೋಡುವುದರಲ್ಲೇ ಹೊತ್ತು ಕಳೆಯುತ್ತದೆ. ಫೈಲ್‌ನಲ್ಲಿರುವ ಪಠ್ಯ ಕಣ್ಣಿಗೆ ಕಾಣುವಷ್ಟರಲ್ಲಿ ನಾಲ್ಕು ರೂಪ ತಾಳಿರುತ್ತದೆ: ಬೈಟ್, ಕೋಡ್‌ಪಾಯಿಂಟ್ (ಅಕ್ಷರಕ್ಕೆ ಯೂನಿಕೋಡ್ ಕೊಟ್ಟ ಸಂಖ್ಯೆ), ಗ್ಲಿಫ್ (ಫಾಂಟ್‌ನಲ್ಲಿರುವ ಅಕ್ಷರದ ಚಿತ್ರ), ಕೊನೆಗೆ ಸಾಲಿನ ಚೌಕಟ್ಟಿನಲ್ಲಿ ಅಳತೆಗೆ ಕೂತ ಅಚ್ಚು. ಪ್ರತಿ ರೂಪವನ್ನೂ ನೋಡಲು ಬೇರೆ ಬೇರೆ ಸಲಕರಣೆ ಇದೆ. ಇದೇ ಕ್ರಮದಲ್ಲಿ ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸುತ್ತಾ ಬಂದರೆ ತಪ್ಪು ಎಲ್ಲಿದೆ ಎಂದು ಊಹಿಸುವ ಪ್ರಮೇಯವೇ ಬರುವುದಿಲ್ಲ. ಕ್ರಮ ತಪ್ಪಿಸಿದರೆ ಸರಿಯಿರುವುದನ್ನು ತಿದ್ದಿ ಕೆಡಿಸುವ ಅಪಾಯವಿದೆ.

ಇಲ್ಲಿ ಹೇಳಿರುವ ಸಲಕರಣೆಗಳಿಗೆಲ್ಲ ದುಡ್ಡು ಕೊಡಬೇಕಿಲ್ಲ. ಕಮಾಂಡ್‌ಗಳ ಹೆಸರನ್ನೂ ಹದಿನಾರರ ಪದ್ಧತಿಯ ಎ ಇಂದ ಎಫ್ ವರೆಗಿನ ಅಂಕಿಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಹಂತ 1: ಬೈಟ್ ನೋಡಿ

ಮೂಲ ಫೈಲ್‌ನ ಒಂದು ಪ್ರತಿ ಮಾಡಿ ಪಕ್ಕಕ್ಕಿಡಿ. ಪ್ರತಿಯನ್ನು ಎಡಿಟರ್‌ನಲ್ಲಿ ತೆರೆಯಬೇಡಿ. ಎಡಿಟರ್ ತನ್ನ ಊಹೆಯಂತೆ ಓದಿ ತೋರಿಸುತ್ತದೆ, ನಮಗೆ ಬೇಕಿರುವುದು ಊಹೆಯಿಲ್ಲದ ನೋಟ. ಲಿನಕ್ಸ್, ಮ್ಯಾಕ್‌ನಲ್ಲಿ ಎಕ್ಸ್‌ಎಕ್ಸ್‌ಡಿ ಕಮಾಂಡ್‌ಗೆ ಎಲ್ ಆಯ್ಕೆಯಲ್ಲಿ 64 ಎಂದು ಕೊಟ್ಟರೆ ಮೊದಲ 64 ಬೈಟ್ ಕಾಣುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಇದೇ ಕೆಲಸಕ್ಕೆ ಫಾರ್ಮ್ಯಾಟ್-ಹೆಕ್ಸ್ ಇದೆ.

ಯೂನಿಕೋಡ್‌ನಲ್ಲಿ ಕನ್ನಡದ ಜಾಗ 0ಸಿ80 ಇಂದ 0ಸಿಎಫ್‌ಎಫ್, ಒಟ್ಟು 128 ಸ್ಥಾನ. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಯೇ ಎನ್‌ಕೋಡಿಂಗ್. ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಇವು ಪ್ರತಿಯೊಂದೂ 3 ಬೈಟ್, ಮೊದಲೆರಡು ಯಾವಾಗಲೂ ಇ0 ಬಿ2 ಅಥವಾ ಇ0 ಬಿ3. ‘ಕ’ ಎಂದರೆ ಇ0 ಬಿ2 95. ಈ ಜೋಡಿ ಸಾಲುಸಾಲಾಗಿ ಕಂಡರೆ ಫೈಲ್ ಸರಿಯಾದ ಯುಟಿಎಫ್-8, ತೊಂದರೆ ಓದುವ ತಂತ್ರಾಂಶದ್ದು. ಆರಂಭದಲ್ಲಿ ಎಫ್‌ಎಫ್ ಎಫ್‌ಇ ಇದ್ದರೆ ಅದು ಯುಟಿಎಫ್-16ರ ಲಿಟಲ್ ಎಂಡಿಯನ್. ಅಲ್ಲಿ ‘ಕ’ 95 0ಸಿ ಎಂದು ತಿರುವಿ ಕೂತಿರುತ್ತದೆ. ಇಎಫ್ ಬಿಬಿ ಬಿಎಫ್ ಎಂದರೆ ಯುಟಿಎಫ್-8ರ ಬಿಒಎಂ, ಅಂದರೆ ಫೈಲ್‌ನ ಆರಂಭದಲ್ಲೇ ಎನ್‌ಕೋಡಿಂಗ್ ಸೂಚಿಸುವ ಗುರುತು. ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯುವ ಸಿಎಸ್‌ವಿ ಫೈಲ್‌ಗೆ ಈ ಗುರುತು ಬೇಕು, ಇಲ್ಲದಿದ್ದರೆ ಕನ್ನಡ ಕೆಟ್ಟು ಕಾಣಬಹುದು. ಅದೇ ಫೈಲನ್ನು ಪೈಥಾನ್‌ನಲ್ಲಿ ಬರಿಯ ಯುಟಿಎಫ್-8 ಎಂದು ಓದಿದರೆ ಮೊದಲ ಕಾಲಂನ ಹೆಸರಿಗೆ ಕಾಣದ ಅಕ್ಷರವೊಂದು ಅಂಟಿಕೊಂಡು, ಆ ಹೆಸರಿನ ಕಾಲಂ ಇಲ್ಲವೇ ಇಲ್ಲ ಎಂದು ಪ್ರೋಗ್ರಾಂ ನಿಲ್ಲುತ್ತದೆ. ಓದುವಾಗ ಎನ್‌ಕೋಡಿಂಗ್ ಹೆಸರನ್ನು ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಗುರುತು ತಾನೇ ಕಳಚುತ್ತದೆ.

ಫೈಲ್ ಕಮಾಂಡ್, ಯುಚಾರ್‌ಡೆಟ್ ಮುಂತಾದವು ಎನ್‌ಕೋಡಿಂಗ್ ಯಾವುದೆಂದು ಹೇಳುತ್ತವೆ. ಅವುಗಳದ್ದೂ ಊಹೆಯೇ, ಸಣ್ಣ ಫೈಲ್ ಆದರೆ ಸುಲಭವಾಗಿ ತಪ್ಪುತ್ತವೆ. ಖಚಿತ ಉತ್ತರಕ್ಕೆ ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಕಮಾಂಡ್ ಬಳಸಿ: ಎಫ್ ಆಯ್ಕೆಯಲ್ಲೂ ಟಿ ಆಯ್ಕೆಯಲ್ಲೂ ಯುಟಿಎಫ್-8 ಎಂದೇ ಕೊಟ್ಟು ಫಲಿತಾಂಶವನ್ನು ಎಸೆದುಬಿಡಿ. ಫೈಲ್‌ನಲ್ಲಿ ಒಂದೇ ಒಂದು ತಪ್ಪು ಬೈಟ್ ಇದ್ದರೂ ಅದು ಯಾವ ಸ್ಥಾನದಲ್ಲಿದೆ ಎಂದು ಹೇಳಿ ನಿಲ್ಲುತ್ತದೆ. ಐಕಾನ್ವ್‌ನಲ್ಲಿ ಎರಡು ಅಪಾಯಗಳಿವೆ. ಸಿ ಆಯ್ಕೆ ಕೊಟ್ಟರೆ ಪರಿವರ್ತನೆಯಾಗದ ಅಕ್ಷರಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಇನ್ನು ಓದುವ ಫೈಲ್‌ಗೇ ಫಲಿತಾಂಶವನ್ನು ತಿರುಗಿಸಿದರೆ ಓದುವ ಮೊದಲೇ ಶೆಲ್ ಅದನ್ನು ಖಾಲಿ ಮಾಡಿರುತ್ತದೆ. ಯಾವಾಗಲೂ ಹೊಸ ಹೆಸರಿಗೆ ಬರೆಯಿರಿ.

ಹಂತ 2: ಒಡೆದದ್ದು ಮರಳಿ ಸಿಗುತ್ತದೆಯೇ?

ಕೆಟ್ಟ ಪಠ್ಯದಲ್ಲಿ ಮೂರು ಬಗೆ ಇದೆ. ಅವುಗಳಲ್ಲಿ ಎರಡಕ್ಕೆ ಮದ್ದಿಲ್ಲ.

ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದು ಬೈಟ್ ನೋಟದಲ್ಲಿ 3ಎಫ್ 3ಎಫ್ 3ಎಫ್ ಎಂದಿದ್ದರೆ, ಕನ್ನಡಕ್ಕೆ ಜಾಗವೇ ಇಲ್ಲದ ಎನ್‌ಕೋಡಿಂಗ್‌ಗೆ ಯಾರೋ ಉಳಿಸಿದ್ದಾರೆ. ಮೂಲ ಹೋಯಿತು. ಇಎಫ್ ಬಿಎಫ್ ಬಿಡಿ ಮತ್ತೆ ಮತ್ತೆ ಬಂದರೆ ಅದು ಎಫ್‌ಎಫ್‌ಎಫ್‌ಡಿ ಎಂಬ ಬದಲಿ ಅಕ್ಷರ, ಆ ಸ್ಥಾನದಲ್ಲಿದ್ದದ್ದೂ ಹೋಯಿತು. ಎರಡಕ್ಕೂ ಹಳೆಯ ಪ್ರತಿ ಹುಡುಕುವುದೊಂದೇ ದಾರಿ.

ಮೂರನೆಯದು ರಿಪೇರಿಯಾಗುವಂಥದ್ದು, ಹೆಚ್ಚು ಕಾಣುವುದೂ ಅದೇ. ತಲೆಯ ಮೇಲೆ ಓರೆಗೆರೆ ಇರುವ ಲ್ಯಾಟಿನ್ ಎ, ಅದರ ಪಕ್ಕ ಎತ್ತರದಲ್ಲಿ ಕೂತ ಪುಟ್ಟ 2 ಅಥವಾ 3, ಮುಂದೆ ಏನಾದರೊಂದು ಚಿಹ್ನೆ: ಈ ಮೂರರ ಗುಂಪು ಸಾಲಿನ ಉದ್ದಕ್ಕೂ ಬರುತ್ತದೆ. ಯುಟಿಎಫ್-8ರ ಇ0, ಬಿ2, ಬಿ3 ಬೈಟ್‌ಗಳನ್ನು ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಎನ್‌ಕೋಡಿಂಗ್ ಆದ ವಿಂಡೋಸ್-1252 ಎಂದು ಓದಿದಾಗ ಕಾಣುವ ಮುಖ ಇದು. ಓದಿ ಬಿಟ್ಟಿದ್ದರೆ ಸರಿಯಾದ ಎನ್‌ಕೋಡಿಂಗ್‌ನಲ್ಲಿ ಮತ್ತೆ ತೆರೆದರೆ ಸಾಕು. ವಿಎಸ್ ಕೋಡ್ ಎಡಿಟರ್‌ನ ಕೆಳಪಟ್ಟಿಯಲ್ಲಿ ಎನ್‌ಕೋಡಿಂಗ್ ಹೆಸರನ್ನು ಒತ್ತಿದರೆ ಮತ್ತೆ ತೆರೆಯುವ ಆಯ್ಕೆ, ಉಳಿಸುವ ಆಯ್ಕೆ ಎರಡೂ ಬರುತ್ತವೆ. ಮೊದಲನೆಯದನ್ನೇ ಆರಿಸಿ. ತಪ್ಪಾಗಿ ಕಾಣುತ್ತಿರುವಾಗ ಉಳಿಸಿದರೆ ತಪ್ಪೇ ಫೈಲ್‌ಗೆ ಇಳಿದು ಪಠ್ಯ ಎರಡು ಬಾರಿ ಎನ್‌ಕೋಡ್ ಆಗುತ್ತದೆ. ಆಗ ಒಂದೊಂದು ಕನ್ನಡ ಸಂಕೇತವೂ 3 ಬೈಟ್ ಬದಲು 6 ಅಥವಾ 7 ಬೈಟ್ ತಿನ್ನುತ್ತದೆ. ‘ಕ’ ಈಗ ಸಿ3 ಎ0 ಸಿ2 ಬಿ2 ಇ2 80 ಎ2. ಫೈಲ್ ಗಾತ್ರ ಇದ್ದಕ್ಕಿದ್ದಂತೆ ದುಪ್ಪಟ್ಟಾದದ್ದು ಇದರ ಲಕ್ಷಣ.

ಎರಡು ಬಾರಿ ಎನ್‌ಕೋಡ್ ಆದದ್ದನ್ನು ಬಿಚ್ಚಲು ಪಠ್ಯವನ್ನು ಯುಟಿಎಫ್-8 ಎಂದು ಓದಿ, ವಿಂಡೋಸ್-1252ಕ್ಕೆ ಎನ್‌ಕೋಡ್ ಮಾಡಿ, ಬಂದ ಬೈಟ್‌ಗಳನ್ನು ಮತ್ತೆ ಯುಟಿಎಫ್-8 ಎಂದು ಓದಬೇಕು. ಕನ್ನಡದಲ್ಲಿ ಮಾತ್ರ ಈ ಸರಳ ಸೂತ್ರ ನಡುದಾರಿಯಲ್ಲಿ ಎಡವುತ್ತದೆ. ವಿಂಡೋಸ್-1252ರಲ್ಲಿ 81, 8ಡಿ, 8ಎಫ್, 90, 9ಡಿ ಈ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ. ಕನ್ನಡದ ‘ು’ ಚಿಹ್ನೆ ಇ0 ಬಿ3 81, ವಿರಾಮ ಚಿಹ್ನೆ ‘್’ ಇ0 ಬಿ3 8ಡಿ. ಏ, ಐ, ಝ ಮೂರೂ ಇದೇ ಗುಂಪಿಗೆ ಸೇರುತ್ತವೆ. ಅಂದರೆ ಉಕಾರ ಮತ್ತು ಒತ್ತಕ್ಷರ ಇರುವ ಕಡೆಯೆಲ್ಲ ತೊಡಕು, ಕನ್ನಡದಲ್ಲಿ ಅವಿಲ್ಲದ ವಾಕ್ಯ ಸಿಗುವುದು ಕಷ್ಟ.

ಕೆಡಿಸಿದ ತಂತ್ರಾಂಶ ಬ್ರೌಸರ್‌ನ ರೀತಿಯದಾಗಿದ್ದರೆ ಆ ಐದು ಬೈಟ್‌ಗಳನ್ನು ಕಾಣದ ನಿಯಂತ್ರಣ ಸಂಕೇತಗಳಾಗಿ ಉಳಿಸಿಕೊಂಡಿರುತ್ತದೆ. ಪೈಥಾನ್‌ನ ಕಟ್ಟುನಿಟ್ಟಿನ ಸಿಪಿ1252 (ವಿಂಡೋಸ್-1252ಕ್ಕೆ ಅಲ್ಲಿರುವ ಹೆಸರು) ಅವನ್ನು ಒಪ್ಪದೆ ದೋಷ ಕೊಡುತ್ತದೆ. ಎಫ್‌ಟಿಎಫ್‌ವೈ ಎಂಬ ಪೈಥಾನ್ ಲೈಬ್ರರಿಯಲ್ಲಿರುವ ಸ್ಲಾಪಿ-ವಿಂಡೋಸ್-1252 ಒಪ್ಪುತ್ತದೆ, ಪಠ್ಯ ಪೂರ್ತಿ ಮರಳುತ್ತದೆ. ಕೆಡಿಸಿದ್ದು ಅವನ್ನು ಕಿತ್ತೆಸೆದಿದ್ದರೆ ಇ0 ಬಿ3 ಮಾತ್ರ ಉಳಿದಿರುತ್ತದೆ, ಅಲ್ಲಿ ಉಕಾರವಿತ್ತೋ ವಿರಾಮವಿತ್ತೋ ಬೈಟ್ ನೋಡಿ ಹೇಳಲಾಗದು. ಪದ ನೋಡಿ ಕೈಯಲ್ಲೇ ತಿದ್ದಬೇಕು.

ಇನ್ನೊಂದು ಎಚ್ಚರ: ರಿಪೇರಿಗೆ ಮುಂಚೆ ಆ ಪಠ್ಯದಲ್ಲಿ ಹೆಚ್ಚುವರಿ ಖಾಲಿ ಜಾಗ ತೆಗೆಯುವ, ಶುಚಿಗೊಳಿಸುವ ಯಾವ ಕೆಲಸವನ್ನೂ ಮಾಡಬೇಡಿ. ‘ಠ’ದ ಕೊನೆಯ ಬೈಟ್ ಎ0, ವಿಂಡೋಸ್-1252ರಲ್ಲಿ ಅದು ಮುರಿಯದ ಖಾಲಿ ಜಾಗ. ‘ಭ’ದ ಕೊನೆಯ ಬೈಟ್ ಎಡಿ, ಅಲ್ಲಿ ಅದು ಕಾಣದ ಮೃದು ಹೈಫನ್. ಶುಚಿಗೊಳಿಸಿದಿರೋ, ಈ ಎರಡು ಅಕ್ಷರ ಹೋದಂತೆಯೇ.

ಹಂತ 3: ಕೋಡ್‌ಪಾಯಿಂಟ್‌ಗಳನ್ನು ಹೆಸರು ಹಿಡಿದು ಕರೆಯಿರಿ

ಬೈಟ್ ಸರಿಯಿದೆ, ಕಾಣುವುದೂ ಸರಿಯಿದೆ, ಆದರೆ ಹುಡುಕಿದರೆ ಪದ ಸಿಗುತ್ತಿಲ್ಲ. ಇದು ಈ ಹಂತದ ಕಾಯಿಲೆ. ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಜೊತೆ ಬರುವ ಯುಕಾನ್ವ್ ಕಮಾಂಡ್‌ಗೆ ಎಕ್ಸ್ ಆಯ್ಕೆಯಲ್ಲಿ ಎನಿ-ನೇಮ್ ಎಂದು ಕೊಟ್ಟರೆ ಪ್ರತಿ ಕೋಡ್‌ಪಾಯಿಂಟ್‌ನ ಅಧಿಕೃತ ಹೆಸರನ್ನು ಬಿಡಿಸಿ ಹೇಳುತ್ತದೆ. ವಿಂಡೋಸ್‌ನಲ್ಲಿ ಬೇಬಲ್‌ಪ್ಯಾಡ್ ಎಡಿಟರ್ ಒಳ್ಳೆಯದು. ಪೈಥಾನ್ ಬಲ್ಲವರಿಗೆ ಯೂನಿಕೋಡ್‌ಡೇಟಾ ಮಾಡ್ಯೂಲ್ ಸಾಕು.

ಬಹಳ ಸಲ ಸಿಕ್ಕಿಬೀಳುವುದು ಅನುಸ್ವಾರದ ಜಾಗದಲ್ಲಿ ಕೂತ ಕನ್ನಡ ಸೊನ್ನೆ. ಅನುಸ್ವಾರ 0ಸಿ82, ಸೊನ್ನೆ 0ಸಿಇ6. ಕಣ್ಣಿಗೆ ಎರಡೂ ಒಂದೇ.

ಎರಡನೆಯದು ಕಾಗುಣಿತದ ಎರಡು ರೂಪ. ‘ೋ’ ಚಿಹ್ನೆಯನ್ನು 0ಸಿಸಿಬಿ ಎಂದು ಒಂದೇ ಸಂಕೇತದಲ್ಲಿ ಬರೆಯಬಹುದು, 0ಸಿಸಿ6, 0ಸಿಸಿ2, 0ಸಿಡಿ5 ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ೀ, ೇ, ೈ, ೊ ಇವೂ ಹಾಗೆಯೇ, ಎರಡೆರಡು ತುಂಡು. ಯುಕಾನ್ವ್‌ಗೆ ಎನಿ-ಎನ್‌ಎಫ್‌ಸಿ ಎಂದು ಕೊಟ್ಟರೆ ಎಲ್ಲವೂ ಕೂಡಿಕೊಂಡ ರೂಪಕ್ಕೆ ಬರುತ್ತವೆ. ಡೇಟಾಬೇಸ್‌ಗೆ ಸೇರಿಸುವ ಮುನ್ನ ಮತ್ತು ಹುಡುಕುವ ಪದದ ಮೇಲೆ, ಎರಡೂ ಕಡೆ ಇದನ್ನು ಮಾಡಬೇಕು. ಒಂದು ಕಡೆ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ.

ಮೂರನೆಯದು ಕಾಣದ ಜೋಡಕಗಳು: 200ಸಿ ಬೇರ್ಪಡಿಸುತ್ತದೆ, 200ಡಿ ಜೋಡಿಸುತ್ತದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರಕ್ಕೆ ವಕಾರ ಒತ್ತಾಗದಂತೆ ತಡೆಯುವುದು ಮೊದಲನೆಯದು. ‘ರ‍್ಯಾಂಕ್’ನಲ್ಲಿ ರಕಾರ ಅರ್ಕಾವತ್ತಾಗದೆ ಪೂರ್ಣವಾಗಿ ನಿಲ್ಲಲು ರಕಾರ, 200ಡಿ, ವಿರಾಮ, ಯಕಾರ ಈ ಅನುಕ್ರಮ ಬೇಕು. ಇವನ್ನು ಕಸವೆಂದು ಪಠ್ಯದಿಂದ ಅಳಿಸಬೇಡಿ. ಹುಡುಕಾಟದ ಸೂಚಿಯಲ್ಲಿ ಮಾತ್ರ ಕಡೆಗಣಿಸಿ.

ಹಂತ 4: ಫಾಂಟ್‌ನಲ್ಲಿ ಆ ಅಕ್ಷರ ಇದೆಯೇ, ಸರಿಯಾಗಿ ಜೋಡಿಸುತ್ತದೆಯೇ?

ಫಾಂಟ್‌ಗಳನ್ನು ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಇರುವ ವ್ಯವಸ್ಥೆಯಲ್ಲಿ ಎಫ್‌ಸಿ-ಲಿಸ್ಟ್‌ಗೆ ಲ್ಯಾಂಗ್ ಸಮ ಕೆಎನ್ ಎಂದು ಕೊಟ್ಟರೆ ಕನ್ನಡ ಬಲ್ಲ ಫಾಂಟ್‌ಗಳ ಪಟ್ಟಿ ಬರುತ್ತದೆ. ಒಂದು ಫಾಂಟ್ ಫೈಲ್‌ನೊಳಗೆ ಇಣುಕಲು ಒಟಿಎಫ್‌ಇನ್ಫೋಗೆ ಯು ಆಯ್ಕೆ ಕೊಡಿ, ಫಾಂಟ್‌ನ ಸಿಮ್ಯಾಪ್ ಕೋಷ್ಟಕದಲ್ಲಿರುವ ಕೋಡ್‌ಪಾಯಿಂಟ್‌ಗಳೆಲ್ಲ ಬರುತ್ತವೆ. ಕನ್ನಡದ ಮುಖ ತೋರಿಸುವ ಫಾಂಟ್‌ನಲ್ಲಿ 0ಸಿ80ರ ಸರಣಿಯ ಒಂದು ಸಂಕೇತವೂ ಇಲ್ಲವೆಂದರೆ ಅದು ಹಳೆಯ 8 ಬಿಟ್ ಫಾಂಟ್. ಅದರಲ್ಲಿ ಬರೆದ ಪಠ್ಯ ಕಂಪ್ಯೂಟರ್‌ನ ಪಾಲಿಗೆ ಲ್ಯಾಟಿನ್ ಅಕ್ಷರಗಳ ರಾಶಿ. ನುಡಿ, ಬರಹದ ಹಳೆಯ ಫೈಲ್‌ಗಳು ಈ ಬಗೆಯವು. ಐಕಾನ್ವ್ ಇಲ್ಲಿ ಕೆಲಸಕ್ಕೆ ಬಾರದು. ಅಲ್ಲಿ ಸಂಕೇತಗಳು ಉಚ್ಚಾರದ ಕ್ರಮದಲ್ಲಿಲ್ಲ, ಕಣ್ಣಿಗೆ ಕಾಣುವ ಕ್ರಮದಲ್ಲಿವೆ. ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಆ ಫಾಂಟ್‌ಗೆಂದೇ ಬರೆದ ಪರಿವರ್ತಕ ಬೇಕು, ಪರಿವರ್ತನೆಯಾದ ಮೇಲೆ ಅರ್ಕಾವತ್ತಿರುವ ಪದಗಳನ್ನೇ ಮೊದಲು ಪರಿಶೀಲಿಸಿ.

ಅಕ್ಷರ ಇದೆ, ಒತ್ತು ಮಾತ್ರ ಕೂಡುತ್ತಿಲ್ಲ ಎಂದಾದರೆ ಅಕ್ಷರ ಜೋಡಿಸುವ ತಂತ್ರಾಂಶವಾದ ಹಾರ್ಫ್‌ಬಜ್‌ನ ಎಚ್‌ಬಿ-ಶೇಪ್ ಕಮಾಂಡ್‌ಗೆ ಫಾಂಟ್ ಫೈಲ್, ಪದ ಎರಡನ್ನೂ ಕೊಡಿ. ಚೌಕ ಆವರಣದೊಳಗೆ ಗ್ಲಿಫ್ ಹೆಸರು, ಅದು ಪಠ್ಯದ ಯಾವ ಸ್ಥಾನದಿಂದ ಬಂತು, ಎಷ್ಟು ಅಗಲ ಮುಂದೆ ಸರಿಯಿತು ಎಂಬ ವಿವರ ಬರುತ್ತದೆ. ಸೊನ್ನೆ ಸಂಖ್ಯೆಯ ಗ್ಲಿಫ್ ಬಂದರೆ ಆ ಅಕ್ಷರ ಫಾಂಟ್‌ನಲ್ಲಿಲ್ಲ. ಚುಕ್ಕಿಗಳ ವೃತ್ತ ಬಂದರೆ ಪಠ್ಯದ ಅನುಕ್ರಮವೇ ತಪ್ಪು, ಹಂತ 3ಕ್ಕೆ ಹಿಂತಿರುಗಿ. ವಿರಾಮ ಬಿಡಿಯಾಗಿ ಕಂಡರೆ ಫಾಂಟ್‌ನ ಜಿಎಸ್‌ಯುಬಿ ಕೋಷ್ಟಕದಲ್ಲಿ ಒತ್ತಿನ ನಿಯಮ ಇಲ್ಲ, ಅಥವಾ ನಡುವೆ 200ಸಿ ಅಡಗಿದೆ. ಹಾರ್ಫ್‌ಬಜ್ ಸರಿ ತೋರಿಸಿ ನಿಮ್ಮ ತಂತ್ರಾಂಶ ಮಾತ್ರ ತಪ್ಪು ತೋರಿಸಿದರೆ ತಪ್ಪು ತಂತ್ರಾಂಶದ್ದು, ಫಾಂಟ್ ಮುಟ್ಟಬೇಡಿ.

ಹಂತ 5: ಅಳತೆ

ಸ್ತ್ರೀ, ರಾಷ್ಟ್ರೀಯ, ಸ್ತ್ರೈಣ. ಈ ಮೂರು ಪದ ಬರೆದು ಕೆಳಗಿನ ಒತ್ತು ತುಂಡಾಗುತ್ತದೆಯೇ ನೋಡಿ. ಲ್ಯಾಟಿನ್ ಅಕ್ಷರ ಹೆಚ್ಚೆಂದರೆ ಒಂದು ಬಾಲ ಇಳಿಬಿಡುತ್ತದೆ. ಕನ್ನಡದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಇಳಿಯುತ್ತದೆ, ‘ೈ’ಯ ಕೆಳಭಾಗ ಅದಕ್ಕೆ ಸೇರುತ್ತದೆ. ಫಾಂಟ್ ಅಳತೆಯಲ್ಲಿ ಕನ್ನಡಿಗರಿಗೆ ನಿಜವಾದ ಕೆಲಸ ಇರುವುದೇ ಇಲ್ಲಿ.

ಫಾಂಟ್‌ನೊಳಗಿನ ಮಾನ ಎಮ್ ಚೌಕದ, ಅಂದರೆ ಅಕ್ಷರದ ಗಾತ್ರದಷ್ಟೇ ಬದಿಯಿರುವ ಕಾಲ್ಪನಿಕ ಚೌಕದ, ಭಾಗಗಳಲ್ಲಿರುತ್ತದೆ. ಹೆಡ್ ಕೋಷ್ಟಕದಲ್ಲಿ ಒಂದು ಎಮ್‌ಗೆ ಎಷ್ಟು ಭಾಗ ಎಂದು ಬರೆದಿರುತ್ತದೆ, ಸಾಮಾನ್ಯವಾಗಿ 1000 ಅಥವಾ 2048. ಯಾವ ಅಳತೆಯನ್ನಾದರೂ ಅಕ್ಷರದ ಗಾತ್ರದಿಂದ ಗುಣಿಸಿ ಈ ಸಂಖ್ಯೆಯಿಂದ ಭಾಗಿಸಿದರೆ ಪರದೆಯ ಅಳತೆ ಸಿಗುತ್ತದೆ: 2048ರ ಫಾಂಟ್‌ನಲ್ಲಿ 1229 ಭಾಗ ಅಗಲದ ಗ್ಲಿಫ್ 16 ಪಿಕ್ಸೆಲ್ ಗಾತ್ರದಲ್ಲಿ 9.6 ಪಿಕ್ಸೆಲ್.

ಗೊಂದಲ ಇರುವುದು ಎತ್ತರ–ಆಳದಲ್ಲಿ. ಒಂದೇ ಫಾಂಟ್‌ನಲ್ಲಿ ಅದನ್ನು ಮೂರು ಕಡೆ ಬರೆದಿರುತ್ತದೆ. ಎಚ್‌ಹೆಚ್‌ಇಎ ಕೋಷ್ಟಕದ ಜೋಡಿಯನ್ನು ಮ್ಯಾಕ್ ಬಳಸುತ್ತದೆ. ಒಎಸ್/2 ಕೋಷ್ಟಕದಲ್ಲಿ ಟೈಪೊ ಜೋಡಿ, ವಿನ್ ಜೋಡಿ ಎರಡೂ ಇವೆ. ವಿಂಡೋಸ್ ವಿನ್ ಜೋಡಿಯನ್ನು ಬಳಸುತ್ತದೆ, ವಿಂಡೋಸ್‌ನ ಹಳೆಯ ಚಿತ್ರಣ ವ್ಯವಸ್ಥೆಯಾದ ಜಿಡಿಐ ಬಳಸುವ ತಂತ್ರಾಂಶಗಳು ಅದರಾಚೆಗಿನ ಭಾಗವನ್ನು ಕತ್ತರಿಸಿಯೂ ಬಿಡುತ್ತವೆ. ಅದೇ ಕೋಷ್ಟಕದ ಎಫ್‌ಎಸ್‌ಸೆಲೆಕ್ಷನ್‌ನ 7ನೇ ಬಿಟ್ ಹಚ್ಚಿದ್ದರೆ ಅದನ್ನು ಗೌರವಿಸುವ ತಂತ್ರಾಂಶಗಳು ಸಾಲಿನ ಅಂತರಕ್ಕೆ ವಿನ್ ಬಿಟ್ಟು ಟೈಪೊ ಜೋಡಿ ಹಿಡಿಯುತ್ತವೆ. ಈ ಬಿಟ್‌ಗೆ ಅರ್ಥವಿರುವುದು ಒಎಸ್/2 ಕೋಷ್ಟಕ ಆವೃತ್ತಿ 4 ಅಥವಾ ನಂತರದ್ದಾದರೆ ಮಾತ್ರ. ಇನ್ನು ಎಚ್‌ಹೆಚ್‌ಇಎ ಮತ್ತು ಟೈಪೊದಲ್ಲಿ ಆಳ ಋಣ ಸಂಖ್ಯೆ, ವಿನ್‌ನಲ್ಲಿ ಧನ ಸಂಖ್ಯೆ. ಚಿಹ್ನೆ ಮರೆತವರು ಫಾಂಟನ್ನೇ ಕೆಡಿಸಿಕೊಂಡಿದ್ದಾರೆ.

ನೋಡುವ ಬಗೆ: ಪೈಥಾನ್‌ನ ಫಾಂಟ್‌ಟೂಲ್ಸ್ ಹಾಕಿಕೊಂಡರೆ ಟಿಟಿಎಕ್ಸ್ ಕಮಾಂಡ್ ಬರುತ್ತದೆ. ಟಿ ಆಯ್ಕೆಯಲ್ಲಿ ಹೆಡ್, ಎಚ್‌ಹೆಚ್‌ಇಎ, ಒಎಸ್/2 ಮೂರನ್ನೂ ಒಂದೊಂದಾಗಿ ಕೊಡಿ. ಓದಬಹುದಾದ ಎಕ್ಸ್‌ಎಂಎಲ್ ಫೈಲ್ ತಯಾರಾಗುತ್ತದೆ. ಅದರಲ್ಲಿ ಎಫ್‌ಎಸ್‌ಸೆಲೆಕ್ಷನ್ 16 ಅಂಕಿಗಳಾಗಿ, ಎಂಟೆಂಟರ ಎರಡು ಗುಂಪಾಗಿ ಇರುತ್ತದೆ. ಎರಡನೆಯ ಗುಂಪಿನ ಮೊದಲ ಅಂಕಿಯೇ 7ನೇ ಬಿಟ್. ರೆಗ್ಯುಲರ್ ಫಾಂಟ್‌ನಲ್ಲಿ ಅದು ಹಚ್ಚಿದ್ದರೆ 00000000 11000000 ಎಂದು ಕಾಣುತ್ತದೆ.

ಈಗ ನಿಜವಾದ ಆಳ ಅಳೆಯಿರಿ. ಎಚ್‌ಬಿ-ಶೇಪ್‌ಗೆ ಶೋ-ಎಕ್ಸ್‌ಟೆಂಟ್ಸ್ ಆಯ್ಕೆ ಕೊಟ್ಟರೆ ಪ್ರತಿ ಗ್ಲಿಫ್‌ಗೆ ನಾಲ್ಕು ಸಂಖ್ಯೆ ಸೇರುತ್ತವೆ. ಎರಡನೆಯದು ಗ್ಲಿಫ್‌ನ ಮೇಲಂಚು, ನಾಲ್ಕನೆಯದು ಋಣದಲ್ಲಿರುವ ಎತ್ತರ. ಇವೆರಡನ್ನೂ ಕೂಡಿಸಿ, ಗ್ಲಿಫ್‌ಗೆ ಮೇಲೆ–ಕೆಳಗಿನ ಸರಿತ ಇದ್ದರೆ ಅದನ್ನೂ ಸೇರಿಸಿದರೆ ಕೆಳ ಅಂಚು ಸಿಗುತ್ತದೆ. ಹೆಡ್ ಕೋಷ್ಟಕದ ವೈಮಿನ್ ಮಾತ್ರ ನೋಡಿ ಬಿಡಬೇಡಿ. ಅದು ಬಿಡಿ ಗ್ಲಿಫ್‌ನ ಆಳ ಹೇಳುತ್ತದೆ, ಒತ್ತನ್ನು ಜಿಪಿಒಎಸ್ (ಗ್ಲಿಫ್‌ನ ಸ್ಥಾನ ಹೇಳುವ ಕೋಷ್ಟಕ) ನಿಯಮ ಇನ್ನೂ ಕೆಳಕ್ಕೆ ಇಳಿಸಿದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ.

ಉದಾಹರಣೆಗೆ 1000 ಭಾಗದ ಫಾಂಟ್‌ನಲ್ಲಿ ಎತ್ತರ 950, ಆಳ −350, ಅತಿ ಕೆಳಗಿನ ಒತ್ತು −520 ಎಂದುಕೊಳ್ಳಿ. ವೆಬ್ ಪುಟದಲ್ಲಿ ಗಾತ್ರ 16 ಪಿಕ್ಸೆಲ್, ಸಾಲಿನ ಎತ್ತರ 1.5, ಅಂದರೆ 24 ಪಿಕ್ಸೆಲ್. ಫಾಂಟ್ ಕೇಳುವುದು 20.8. ಉಳಿದ 3.2ನ್ನು ಬ್ರೌಸರ್ ಮೇಲೆ ಕೆಳಗೆ 1.6ರಂತೆ ಹಂಚುತ್ತದೆ. ಅಕ್ಷರ ಕೂರುವ ಅಡಿಗೆರೆಯ ಕೆಳಗೆ ಸಿಗುವ ಜಾಗ 5.6 ಮತ್ತು 1.6 ಸೇರಿ 7.2, ಒತ್ತಿಗೆ ಬೇಕಾದದ್ದು 8.32. ಒಂದು ಪಿಕ್ಸೆಲ್‌ಗಿಂತ ಹೆಚ್ಚು ಹೊರಬಂತು. ಸಾಮಾನ್ಯ ಪ್ಯಾರಾದಲ್ಲಿ ಇದು ಗೊತ್ತಾಗುವುದಿಲ್ಲ. ಹೊರಬಂದದ್ದನ್ನು ಮರೆಮಾಡು ಎಂದಿರುವ ಬಟನ್, ಶೀರ್ಷಿಕೆ ಪಟ್ಟಿಗಳಲ್ಲಿ ತಕ್ಷಣ ತುಂಡಾಗುತ್ತದೆ. ಎತ್ತರ 900, ಆಳ −540 ಎಂದು ಬದಲಿಸಿದರೆ ಅದೇ 24 ಪಿಕ್ಸೆಲ್‌ನಲ್ಲಿ ಕೆಳಗೆ 9.12 ಸಿಗುತ್ತದೆ. ಸಾಲು ದೊಡ್ಡದು ಮಾಡದೆಯೇ ಕೆಲಸವಾಯಿತು, ಜಾಗದ ಹಂಚಿಕೆ ಮಾತ್ರ ಬದಲಾಯಿತು. ಮೇಲಿನ ದೀರ್ಘದ ಚಿಹ್ನೆಗಳು 900ರೊಳಗೆ ಇವೆಯೇ ಎಂದೂ ಇದೇ ರೀತಿ ಅಳೆದುಕೊಳ್ಳಿ.

ತಿದ್ದುವಾಗ ಎಚ್‌ಹೆಚ್‌ಇಎ ಮತ್ತು ಟೈಪೊ ಜೋಡಿಗಳನ್ನು ಒಂದೇ ಮಾಡಿ, ಎರಡರ ಲೈನ್‌ಗ್ಯಾಪ್ (ಸಾಲುಗಳ ನಡುವಿನ ಹೆಚ್ಚುವರಿ ಅಂತರ) ಸೊನ್ನೆ ಮಾಡಿ, 7ನೇ ಬಿಟ್ ಹಚ್ಚಿ. ವಿನ್ ಜೋಡಿಯನ್ನು ಕುಟುಂಬದ ಎಲ್ಲ ತೂಕಗಳ ಅತಿ ಎತ್ತರ, ಅತಿ ಆಳಕ್ಕೆ ಸರಿಹೊಂದಿಸಿ. ಬೋಲ್ಡ್‌ಗೆ ಒಂದು, ರೆಗ್ಯುಲರ್‌ಗೆ ಒಂದು ಅಳತೆ ಇಟ್ಟರೆ ನಡುವೆ ಒಂದು ದಪ್ಪ ಪದ ಬಂದ ಸಾಲು ಮಾತ್ರ ಕೆಳಕ್ಕೆ ಜಗ್ಗುತ್ತದೆ. ತಿದ್ದಿದ ಎಕ್ಸ್‌ಎಂಎಲ್ ಅನ್ನು ಟಿಟಿಎಕ್ಸ್‌ನ ಎಂ ಆಯ್ಕೆಯಿಂದ ಮೂಲ ಫಾಂಟ್‌ಗೆ ಬೆಸೆದು ಹೊಸ ಫೈಲ್‌ಗೆ ಬರೆಯಿರಿ.

ಫಾಂಟ್‌ಫೋರ್ಜ್ ಎಂಬ ಫಾಂಟ್ ಎಡಿಟರ್‌ನಲ್ಲೂ ಇದನ್ನು ಮಾಡಬಹುದು, ಫಾಂಟ್ ಇನ್ಫೋ ಕಿಟಕಿಯ ಒಎಸ್/2 ಪುಟದಲ್ಲಿ ಮೆಟ್ರಿಕ್ಸ್ ಎಂಬಲ್ಲಿ. ಅಲ್ಲಿ ಎತ್ತರ, ಆಳದ ಸಂಖ್ಯೆಗಳ ಪಕ್ಕ ಆಫ್‌ಸೆಟ್ ಎಂಬ ಗುರುತು ಪೆಟ್ಟಿಗೆ ಇದೆ. ಅದು ಹಚ್ಚಿದ್ದರೆ ನೀವು ಬರೆದದ್ದು ಅಳತೆಯಾಗಿ ನಿಲ್ಲುವುದಿಲ್ಲ, ತಾನು ಲೆಕ್ಕ ಹಾಕಿದ್ದಕ್ಕೆ ಕೂಡಿಸಬೇಕಾದ ಸಂಖ್ಯೆಯಾಗುತ್ತದೆ. ಮೊದಲು ಗುರುತು ತೆಗೆಯಿರಿ. ಬರೀ ಅಳತೆ ತಿದ್ದಲು ಟಿಟಿಎಕ್ಸ್ ಮೇಲು ಎಂಬುದು ನಮ್ಮ ಅಭಿಪ್ರಾಯ. ಫಾಂಟ್‌ಫೋರ್ಜ್ ಫಾಂಟ್ ಇಡೀ ಬಿಚ್ಚಿ ಮತ್ತೆ ಕಟ್ಟುತ್ತದೆ, ಒತ್ತಿನ ನಿಯಮಗಳನ್ನೂ ಹೊಸದಾಗಿ ಬರೆಯುತ್ತದೆ. ಟಿಟಿಎಕ್ಸ್ ನೀವು ಕೊಟ್ಟ ಕೋಷ್ಟಕಗಳನ್ನು ಬದಲಿಸಿ ಉಳಿದದ್ದನ್ನು ಹಾಗೇ ಬಿಡುತ್ತದೆ.

ಅಳತೆ ಬದಲಾದ ಫಾಂಟ್‌ಗೆ ಹೆಸರೂ ಬದಲಾಗಬೇಕು. ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಮೂಲದವರು ಹೆಸರು ಕಾಯ್ದಿರಿಸಿದ್ದರೆ ಇದು ಕಡ್ಡಾಯ. ಹೆಸರು ಅದೇ ಇದ್ದರೆ ವ್ಯವಸ್ಥೆ ಹಳೆಯದನ್ನೇ ತೋರಿಸಿ ನಿಮ್ಮನ್ನು ದಾರಿತಪ್ಪಿಸುತ್ತದೆ ಎಂಬುದೂ ಕಾರಣವೇ. ನೇಮ್ ಕೋಷ್ಟಕದ 1, 4, 6ನೇ ನಮೂದು, ಇದ್ದರೆ 16ನೆಯದೂ ತಿದ್ದಿ, ನಂತರ ಎಫ್‌ಸಿ-ಕ್ಯಾಶ್‌ಗೆ ಎಫ್ ಆಯ್ಕೆ ಕೊಟ್ಟು ಓಡಿಸಿ. ಬಳಕೆಯಲ್ಲಿರುವ ಫಾಂಟ್‌ನ ಅಳತೆಯನ್ನು ಅದೇ ಹೆಸರಲ್ಲಿ ಬದಲಿಸಿದರೆ ಅದರಲ್ಲಿ ಸಿದ್ಧವಾದ ಪುಸ್ತಕಗಳ ಪುಟ ಸಂಖ್ಯೆಗಳೆಲ್ಲ ಸರಿದುಹೋಗುತ್ತವೆ.

ಹಂತ 6: ವೆಬ್‌ಗೆ ಕಿರಿದು ಮಾಡುವಾಗ, ಪಿಡಿಎಫ್ ಕೊಡುವಾಗ

ಫಾಂಟ್‌ಟೂಲ್ಸ್‌ನ ಪೈಎಫ್‌ಟಿಸಬ್‌ಸೆಟ್ ಕಮಾಂಡ್‌ಗೆ ಯೂನಿಕೋಡ್ಸ್ ಆಯ್ಕೆಯಲ್ಲಿ 0ಸಿ80–0ಸಿಎಫ್‌ಎಫ್ ಕೊಟ್ಟು ನಿಲ್ಲಿಸಬೇಡಿ. 200ಸಿ, 200ಡಿ, ಚುಕ್ಕಿ ವೃತ್ತದ 25ಸಿಸಿ, ದಂಡದ ಗುರುತುಗಳಾದ 0964, 0965, ಜೊತೆಗೆ 0020–007ಇ ಸೇರಿಸಿ. ದಂಡಗಳು ಕನ್ನಡದ ಸರಣಿಯಲ್ಲಿಲ್ಲ, ದೇವನಾಗರಿಯದರಲ್ಲಿವೆ. ಪದ್ಯ ಹಾಕುವ ಪುಟಗಳಲ್ಲಿ ಅವು ಬೇರೆ ಫಾಂಟ್‌ನಲ್ಲಿ ಕಾಣಲು ಇದೇ ಕಾರಣ. ಲೇಔಟ್-ಫೀಚರ್ಸ್ ಆಯ್ಕೆಗೆ ನಕ್ಷತ್ರ ಚಿಹ್ನೆ ಕೊಟ್ಟರೆ ಜೋಡಣೆಯ ನಿಯಮವೆಲ್ಲ ಉಳಿಯುತ್ತದೆ. ಫ್ಲೇವರ್ ಆಗಿ ವೆಬ್‌ಗೆಂದೇ ಕುಗ್ಗಿಸಿದ ಫಾಂಟ್ ರೂಪವಾದ ಡಬ್ಲ್ಯುಒಎಫ್‌ಎಫ್2 ಕೇಳುವುದಾದರೆ ಪೈಥಾನ್‌ನ ಬ್ರಾಟ್ಲಿ ಮಾಡ್ಯೂಲ್ ಮೊದಲೇ ಇರಬೇಕು. ಸಿಎಸ್‌ಎಸ್‌ನ ಯೂನಿಕೋಡ್-ರೇಂಜ್‌ನಲ್ಲೂ ಇದೇ ಪಟ್ಟಿ ಬರೆಯಿರಿ. ಕಿರಿದಾದ ಫಾಂಟ್ ಮೇಲೆ ಹಂತ 4ರ ಎಚ್‌ಬಿ-ಶೇಪ್ ಇನ್ನೊಮ್ಮೆ ಓಡಿಸಿ, ಮೂಲ ಫಾಂಟ್‌ನ ಫಲಿತಾಂಶದೊಂದಿಗೆ ಹೋಲಿಸಿ. ಗ್ಲಿಫ್ ಸಂಖ್ಯೆಗಳು ಬದಲಾಗಿರುತ್ತವೆ, ಗ್ಲಿಫ್‌ಗಳ ಎಣಿಕೆ ಮತ್ತು ಅಗಲ ಬದಲಾಗಬಾರದು.

ಪಿಡಿಎಫ್ ಆದ ಮೇಲೆ ಪಾಪ್ಲರ್ ಎಂಬ ಪಿಡಿಎಫ್ ಸಲಕರಣೆಗಳ ಗುಂಪಿನ ಪಿಡಿಎಫ್‌ಫಾಂಟ್ಸ್ ಓಡಿಸಿ. ಇಎಂಬಿ ಕಾಲಂನಲ್ಲಿ ನೋ ಇದ್ದರೆ ಫಾಂಟ್ ಒಳಗೆ ಸೇರಿಲ್ಲ, ಇನ್ನೊಬ್ಬರ ಯಂತ್ರದಲ್ಲಿ ಬೇರೆ ಮುಖ ಬರುತ್ತದೆ. ಯುಎನ್‌ಐ ಕಾಲಂನಲ್ಲಿ ನೋ ಇದ್ದರೆ ಗ್ಲಿಫ್‌ನಿಂದ ಯೂನಿಕೋಡ್‌ಗೆ ಮರಳುವ ನಕ್ಷೆ ಇಲ್ಲ. ಅಂಥ ಪಿಡಿಎಫ್ ಮುದ್ರಣಕ್ಕೆ ಸರಿ, ನಕಲು ಮಾಡಿ ಅಂಟಿಸಿದರೆ ಕಸ ಬರುವುದು ಸಾಮಾನ್ಯ. ಯೆಸ್ ಎಂದಿದ್ದರೂ ಪಿಡಿಎಫ್‌ಟುಟೆಕ್ಸ್ಟ್‌ನಿಂದ ಒಂದು ಪುಟ ತೆಗೆದು ಒತ್ತಕ್ಷರಗಳ ಅನುಕ್ರಮ ನೋಡಿ. ಕೆಟ್ಟಿದ್ದರೆ ಆ ಪಿಡಿಎಫ್ ಜೊತೆ ಮೂಲ ಪಠ್ಯವನ್ನೂ ಯುಟಿಎಫ್-8, ಎನ್‌ಎಫ್‌ಸಿ ರೂಪದಲ್ಲಿ ಉಳಿಸಿಡಿ.